ಚಿಲ್ಲರೆ

ಮೀನು ಸುತ್ತುವುದಕ್ಕೆ ಹಳೆ ಪೇಪರೇ ಸರಿ,
ಪ್ಲಾಸ್ಟಿಕ್ಕಿನಲ್ಲಿ ಬೂತಾಯಿ ಬೆವರುತ್ತದೆ
ಎನ್ನುತ್ತಿದ್ದ ನನ್ನಪ್ಪ.
ಒಂದೇ ತೊಂದರೆ, ಶಾಯಿ ಹತ್ತುತ್ತದೆ.
ಮನೆಗೆ ಹೋಗಿ ಬಿಚ್ಚಿದವರಿಗೆ
ಬೆಳ್ಳಿ ಹೊಟ್ಟೆಯ ಮೇಲೆ ಅರ್ಧ ತಲೆಬರಹ,
ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು.
ತೊಳೆದರೆ ಹೋಗುತ್ತದೆ, ಅಂತಿದ್ದೆ ನಾನು.
ಎಷ್ಟೋ ಮಂದಿ ತೊಳೆಯದೆಯೇ ತಿಂದಿರಬೇಕು.

ನಮ್ಮೂರು ಮಝಾರಾ. ಸಿಸಿಲಿಯ ಅಂಚು.
ಇಲ್ಲಿಗೆ ರೋಮಿಗಿಂತ ಟ್ಯುನೀಸಿಯಾ ಹತ್ತಿರ;
ಗಾಳಿ ಆ ಕಡೆಯಿಂದ ಬೀಸಿದ ದಿನ
ಒಗೆದು ಹರವಿದ ಬಟ್ಟೆಯ ಮೇಲೆ ಅವರ ಮರಳು.

ಮೊನ್ಸೆಫ್ ಮೊದಲು ಅಪ್ಪನ ದೋಣಿಯಲ್ಲಿದ್ದ, ಬಲೆ ಎಳೆಯುತ್ತ.
ಬೆನ್ನು ಕೈಕೊಟ್ಟ ಮೇಲೆ ದಡಕ್ಕೆ, ನನ್ನ ಕಟ್ಟೆಗೆ.
ಹನ್ನೊಂದು ವರ್ಷ
ಅವನು ಸೀಳುವುದು, ನಾನು ತೂಗುವುದು.
ನನ್ನ ಗಲ್ಲಾದೊಳಗೆ ಅವನ ಕೈ
ನನ್ನ ಕೈಯಷ್ಟೇ ಸಲೀಸು.
ಕಣ್ಣು ಮೀನಿನ ಮೇಲೆ, ಕೈ ಚಿಲ್ಲರೆಯಲ್ಲಿ:
ಯೂರೋ ಯಾವುದು, ಐವತ್ತು ಸೆಂಟ್ ಯಾವುದು
ಬೆರಳಿಗೇ ಗೊತ್ತು.

ಆ ವರ್ಷ ಬಾಲ್ದಸ್ಸಾರೆ
ತನ್ನ ಕಾಫಿ ಅಂಗಡಿಗೆ ದೊಡ್ಡ ಟೀವಿ ತಂದ,
ನನ್ನ ಕಟ್ಟೆಗೆ ಎದುರಾಬದುರು.
ನಾನೇನು ಕೂತು ಕೇಳಿದವಳಲ್ಲ.
ಫ್ಯಾನಿನ ಸದ್ದನ್ನು ಯಾರು ಕೇಳುತ್ತಾರೆ,
ನಿಂತಾಗಲ್ಲವೆ ಗೊತ್ತಾಗುವುದು.

ಮೊದಲು 'ಬಂದರು' ಅಂತಿತ್ತು.
ಜೂನಿನಲ್ಲಿ 'ಬಂದಿಳಿದರು'.
ಜುಲೈ ನಡುವೆ ಯಾವಾಗಲೋ 'ನುಗ್ಗಿದರು'.
ಆಮೇಲೆ ಜನವೇ ಇಲ್ಲ, ಬರೀ 'ಅಲೆ'.
ಕಡಲಿನ ಪಕ್ಕ ಹುಟ್ಟಿದವಳು,
ಅಲೆಗೆ ಕಾಲ್ಬೆರಳು ಇರುವುದಿಲ್ಲ, ನನಗೆ ಗೊತ್ತು.
ಆದರೂ ಒಂದು ಮಾತು ಆಡಲಿಲ್ಲ.
ಟೀವಿಯ ಜೊತೆ ಜಗಳ ಕಾಯುವವರು ಹುಚ್ಚರು.

ದಿನಕ್ಕೆ ಹತ್ತು ಸಲ ಅದೇ ದೋಣಿ.
ನೀಲಿ ಅಂಗಿಯವನೊಬ್ಬ ದಡಕ್ಕೆ ಹಾರುತ್ತಾನೆ,
ಊಟಕ್ಕೆ ಮುಂಚೆ ಹಾರಿದ,
ಊಟವಾದ ಮೇಲೂ ಹಾರಿದ,
ಬಾಲ್ದಸ್ಸಾರೆ ಕುರ್ಚಿ ಮಗುಚುವಾಗ ಇನ್ನೊಮ್ಮೆ.
ಒಬ್ಬನೇ.
ಡೊನ್ನಾ ಪಿನಾ ಎಣಿಸಿದ ಲೆಕ್ಕದಲ್ಲಿ ಅವನು ಸಾವಿರ.

ಬಾಗಿಲಿಗೆ ಎರಡನೇ ಬೀಗ ಹಾಕಿಸಿದಳು ಪಿನಾ.
'ಏನು ಕದ್ದರೇ?' ಅಂದೆ.
'ಇನ್ನೂ ಇಲ್ಲ' ಅಂದಳು.
ಅದನ್ನೇ ಮೊನ್ಸೆಫನಿಗೆ ಹೇಳಿ ನಕ್ಕೆ.
ಅವನೂ ನಕ್ಕ,
ಚಾಕು ಕಿವಿರಿನೊಳಗೆ ಹಾಗೇ ನಿಂತಿತ್ತು.

ಆಗಸ್ಟಿನ ಕೊನೆ ಶನಿವಾರ. ಗಿರಾಕಿಗಳ ನೂಕುನುಗ್ಗಲು.
ಯಾವುದೋ ಹೆಂಗಸು, ಇಪ್ಪತ್ತರ ನೋಟು.
ಎಂದಿನಂತೆ ಅವನು ಕೈ ಚಾಚಿದ.

ಗಲ್ಲಾ ಮುಚ್ಚಿತು.

ಮುಚ್ಚಿದೆ ಎನ್ನಲು ಇವತ್ತಿಗೂ ಬಾಯಿ ಬರುವುದಿಲ್ಲ.
ಮುಚ್ಚಿತು.
ನನ್ನ ಅಂಗೈ ಅದರ ಮೇಲಿತ್ತು.
ಅವನ ಬೆರಳು ಕೂದಲೆಳೆಯಲ್ಲಿ ಉಳಿಯಿತು.
ಆ ಹೆಂಗಸು ನನ್ನತ್ತ ನೋಡಿ
ಸಣ್ಣಗೆ ತಲೆಯಾಡಿಸಿದಳು,
ಬಲ್ಲವಳು ಬಲ್ಲವಳಿಗೆ ಆಡಿಸುವ ಹಾಗೆ.

ಎದುರುಗಡೆ ಟೀವಿ ಕಪ್ಪಗಿತ್ತು.
ಬೆಳಗಿನಿಂದ ಕರೆಂಟಿರಲಿಲ್ಲ.

ಆ ರಾತ್ರಿ ಅಂಗೈಗೆ ನಿಂಬೆಹೋಳು ತಿಕ್ಕಿ ತೊಳೆದೆ.
ಮೀನಿನ ವಾಸನೆ ಹೋಯಿತು.

ಸೋಮವಾರದಿಂದ ಅವನು ಕೇಳುತ್ತಾನೆ,
ಬೇರೆ ಅಂಗಡಿಯವನು ಕೇಳಿದಂತೆ:
'ಕ್ರೊಚಿಫಿಸ್ಸಾ, ಏಳು ಯೂರೋ ಚಿಲ್ಲರೆ.'
ಕೊಡುತ್ತೇನೆ.
ಸಿಟ್ಟಿಲ್ಲ ಅವನ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ಒಮ್ಮೊಮ್ಮೆ ಗಲ್ಲಾ ಅಗಲಕ್ಕೆ ತೆರೆದಿಟ್ಟು
ಐಸು ತರುವ ನೆಪದಲ್ಲಿ ಹೋಗುತ್ತೇನೆ,
ಬೇಕೆಂದೇ ತಡಮಾಡುತ್ತೇನೆ.
ಬಂದಾಗ ಗಿರಾಕಿಗಳು ಸಾಲಾಗಿ ನಿಂತಿರುತ್ತಾರೆ
ಕೈಯಲ್ಲಿ ನೋಟು ಹಿಡಿದು;
ಮೊನ್ಸೆಫ್ ಕೈಕಟ್ಟಿ ನಿಂತಿರುತ್ತಾನೆ,
ತೆರೆದ ಗಲ್ಲಾದ ಪಕ್ಕ,
ಚಿಲ್ಲರೆಗೆ ಕಾಯುತ್ತ.